ಹತ್ತೊಂಬತ್ತು ನಿಮಿಷ ನಲವತ್ತೊಂದು ಸೆಕೆಂಡು

ಜೂನ್ 4

ನಮ್ಮ ಮನೆಯ ಗುಮಾಸ್ತೆಯವರಿಗೆ,

ತರಬೇತಿ ಶಿಬಿರಕ್ಕೆ ಬಂದು ತಲುಪಿದೆ. ಹದಿನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಕಾಲು ಊದಿಕೊಂಡಿದ್ದವು, ಈಗ ಸರಿಯಾಗಿವೆ. ಸೈಕಲ್ಲು ಬಸ್ಸಿನ ಮೇಲಿಂದ ಒಂದು ಗೀರೂ ಇಲ್ಲದೆ ಇಳಿಯಿತೆಂದು ಅಪ್ಪನಿಗೆ ಮೊದಲು ಹೇಳು. ಮಗಳ ಸುದ್ದಿ ಆಮೇಲೆ ಹೇಳಿದರೂ ನಡೆಯುತ್ತದೆ. ಅಪ್ಪ ಬೆಸುಗೆ ಹಾಕಿದ ಚೌಕಟ್ಟನ್ನು ಇಲ್ಲಿಯ ಹುಡುಗಿಯರೆಲ್ಲ ಮುಟ್ಟಿ ಮುಟ್ಟಿ ನೋಡಿದರು. "ಯಾವ ಕಂಪನಿದು ಇದು?" ಎಂದು ಒಬ್ಬಳು ಕೇಳಿದಳು. "ನಮ್ಮಪ್ಪನ ಕಂಪನಿ," ಅಂದೆ.

ಮೊಬೈಲುಗಳನ್ನೆಲ್ಲ ಮೊದಲ ದಿನವೇ ಪೆಟ್ಟಿಗೆಗೆ ಹಾಕಿಸಿ ಬೀಗ ಜಡಿದರು. ಕಚೇರಿಯಲ್ಲೊಂದು ಫೋನಿದೆ, ಭಾನುವಾರ ಒಬ್ಬೊಬ್ಬರಿಗೆ ಐದು ನಿಮಿಷ. ಬೆನ್ನ ಹಿಂದೆ ಇಪ್ಪತ್ತು ಜನ ಸಾಲು ನಿಂತಿರುವಾಗ ಮನೆ ಮಾತು ಆಡುವುದು ಹೇಗೆ? ಪತ್ರವೇ ವಾಸಿ. ನನ್ನದು ಕಿಟಕಿ ಪಕ್ಕದ ಮಂಚ. ಆಚೆ ಮಂಚದವಳ ಕಾಲು ಎಷ್ಟು ಉದ್ದವೆಂದರೆ ಮಂಚ ಮುಗಿದ ಮೇಲೂ ಗೇಣುದ್ದ ಮಿಕ್ಕುತ್ತವೆ. ಜಿರಾಫೆ ಎಂದು ಹೆಸರಿಟ್ಟಿದ್ದೇವೆ, ಅವಳೂ ಓಗೊಡುತ್ತಾಳೆ. ತರಬೇತುದಾರರು ಕುತ್ತಿಗೆಯಿಂದ ಶಿಳ್ಳೆ ಇಳಿಸಿದ್ದನ್ನು ಯಾರೂ ಕಂಡಿಲ್ಲ, ಆದ್ದರಿಂದ ಶಿಳ್ಳೆ ಸರ್.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಎಲ್ಲರನ್ನೂ ಐದು ಕಿಲೋಮೀಟರ್ ಓಡಿಸಿ ನೋಡಿದರು. ನನ್ನದು ಇಪ್ಪತ್ತು ನಿಮಿಷ ಹದಿನಾಲ್ಕು ಸೆಕೆಂಡು. ಕಣ್ಣುಜ್ಜಿಕೊಳ್ಳಬೇಡ, ಸರಿಯಾಗಿಯೇ ಓದಿದೆ. ಮನೆಯಲ್ಲಿ ಮೇ ತಿಂಗಳ ಕೊನೆಯ ಓಟ ಹದಿನೆಂಟು ನಲವತ್ತು ಇತ್ತಲ್ಲ, ಆ ಒಂದೂವರೆ ನಿಮಿಷ ಎಲ್ಲಿಗೆ ಹೋಯಿತು? ಅರ್ಜಿಯ ಜೊತೆ ಕಳಿಸಿದ್ದ ನಮ್ಮ ಓಟದ ಪುಸ್ತಕದ ನಕಲನ್ನು ಶಿಳ್ಳೆ ಸರ್ ತಿರುವಿ ಹಾಕಿ ನಕ್ಕುಬಿಟ್ಟರು. "ಮನೇಲಿ ಓಡುವಾಗ ಎಲ್ಲರೂ ಬೇಗ ಓಡ್ತಾರಮ್ಮ," ಅಂದರು. ನನಗೆ ಸಿಟ್ಟು ನೆತ್ತಿಗೇರಿತು. "ಸರ್, ಇದನ್ನ ಬರೆದಿರೋದು ನನ್ನ ತಂಗಿ. ಏಳು ವರ್ಷದಿಂದ ಕಾರ್ಖಾನೆ ಗೇಟಿನ ಹತ್ರ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತವಳು. ಅವಳ ಲೆಕ್ಕದಲ್ಲಿ ಒಂದು ಸೆಕೆಂಡೂ ಆಚೀಚೆ ಆಗಲ್ಲ," ಎಂದು ಎಲ್ಲರೆದುರೇ ಹೇಳಿದೆ. ಅವರು ನಕಲನ್ನು ಮೇಜಿನ ಮೇಲಿಟ್ಟು ಮುಂದಿನವಳನ್ನು ಕರೆದರು.

ಆಯ್ಕೆ ಆಗಸ್ಟ್ ಮೂವತ್ತೊಂದಕ್ಕೆ. ಓಟ ಹತ್ತೊಂಬತ್ತು ಇಪ್ಪತ್ತರೊಳಗೆ ಬರಬೇಕು, ಇಪ್ಪತ್ತು ಕಿಲೋಮೀಟರ್ ಸೈಕಲ್ ನಲವತ್ತು ನಿಮಿಷದೊಳಗೆ. ಎರಡೂ ದಾಟಿದವರಿಗೆ ಓಟವೂ ಸೈಕಲ್ಲೂ ಸೇರಿದ ಸ್ಪರ್ಧೆಯ ತಂಡದಲ್ಲಿ ಜಾಗ, ಜೊತೆಗೆ ಖಾಯಂ ಕೆಲಸ. ನನಗೆ ಇಪ್ಪತ್ತಾರು ತುಂಬಿದೆ, ಮುಂದಿನ ವರ್ಷ ನನ್ನ ಅರ್ಜಿಯನ್ನು ಮುಟ್ಟುವುದೂ ಇಲ್ಲ. ಕೊರಿಯರ್ ಕೆಲಸ ಬಿಟ್ಟು ಬಂದವಳು ನಾನು. ಆದರೆ ಹೆದರಿಕೆಯಿಲ್ಲ. ಹದಿನೆಂಟು ನಲವತ್ತು ಓಡಿದ ಕಾಲು ಹತ್ತೊಂಬತ್ತು ಇಪ್ಪತ್ತು ಓಡದೇ ಇರುತ್ತದೆಯೇ?

ಪದ್ಧತಿ ತಪ್ಪುವುದು ಬೇಡ. ಓಡುವವಳು ಗಡಿಯಾರ ನೋಡಬಾರದು, ಬರೆಯುವವಳು ಬೇರೆಯೇ ಇರಬೇಕು ಎಂದು ಅಪ್ಪ ಹೇಳಿಕೊಟ್ಟದ್ದು. ನಾನು ಚೀಟಿ ಕಳಿಸುತ್ತೇನೆ, ನೀನು ಪುಸ್ತಕಕ್ಕೆ ಏರಿಸಿ ಊಟದ ಹೊತ್ತಿಗೆ ಅಪ್ಪನಿಗೆ ಓದಿ ಹೇಳು.

ಜೂನ್ 3. ಎದ್ದಾಗ ನಾಡಿ 58. ಓಟ 20:14. ಸೈಕಲ್ 40:30, ಹ್ಯಾಂಡಲ್ಲಿನ ಮೀಟರ್ ಪ್ರಕಾರ. ನಿದ್ದೆ 7 ಗಂಟೆ. ಷರಾ: ಪ್ರಯಾಣದ ಆಯಾಸ.

ನಿನ್ನ ಅಕ್ಕ


ಜೂನ್ 12

ಅಕ್ಕನಿಗೆ,

ಪತ್ರ ಬಂತು. ಅಪ್ಪ ವೆಲ್ಡಿಂಗ್ ಶೆಡ್ಡಿನಿಂದ ಬರುವಷ್ಟರಲ್ಲಿ ಮೂರು ಸಲ ಓದಿದೆ. ಸೈಕಲ್ಲಿಗೆ ಗೀರಿಲ್ಲ ಎಂದದ್ದಕ್ಕೆ ಅಪ್ಪ "ಹೂಂ" ಅಂದರು. ಎರಡು ಸಲ ಅಂದರು, ಅಂದರೆ ತುಂಬಾ ಖುಷಿಯಾಗಿದೆ ಎಂದು ತಿಳಿದುಕೋ.

ಊಟಕ್ಕೆ ಕೂತ ಕೂಡಲೇ "ಎಷ್ಟಂತೆ?" ಎಂದು ಕೇಳಿದರು. ನೀನು ಮನೆಯಲ್ಲಿ ಇಲ್ಲದಿದ್ದರೂ ಅದೊಂದು ಬಿಟ್ಟಿಲ್ಲ. ಓದಿದೆ. ತುತ್ತು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಇಪ್ಪತ್ತಾ?" ಅಂದರು. "ಅಲ್ಲಿ ಮಣ್ಣಿನ ಟ್ರ್ಯಾಕು ಅಪ್ಪ, ಕಾಲು ಹೂತುಹೋಗುತ್ತೆ," ಎಂದೆ. ನೀನು ಮಣ್ಣು ಎಂದು ಎಲ್ಲೂ ಬರೆದಿರಲಿಲ್ಲ, ಬಾಯಿಗೆ ಹಾಗೆ ಬಂದುಬಿಟ್ಟಿತು. ಅವರು ತಲೆಯಾಡಿಸಿ ಊಟ ಮುಗಿಸಿದರು.

ಅಕ್ಕ, ಆ ಸರ್ ಜೊತೆ ನನಗೋಸ್ಕರ ವಾದ ಮಾಡಬೇಡ. ನನ್ನನ್ನು ಅಷ್ಟೆಲ್ಲ ಹೊಗಳುವುದೂ ಬೇಡ, ಅದೂ ನಾಲ್ಕು ಜನರ ಮುಂದೆ. ಅವರು ಎಷ್ಟೋ ಜನರನ್ನು ಓಡಿಸಿದವರು, ಅವರಿಗೆ ಗೊತ್ತಿರುತ್ತದೆ. ಹಳೆಯ ಅಂಕಿಗಳನ್ನು ಮರೆತುಬಿಡು. ಇಪ್ಪತ್ತು ಹದಿನಾಲ್ಕರಿಂದಲೇ ನಿನ್ನ ಓಟ ಶುರುವಾಯಿತು ಎಂದುಕೋ. ಹಾಗೆಂದುಕೊಂಡರೆ ನಷ್ಟವೇನು ಹೇಳು.

ಬೈಂಡಿಂಗ್ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಶಾಲೆಗಳ ಹಾಜರಿ ಪುಸ್ತಕ ನಾನೂರು ಹೊಲಿಯಬೇಕು. ಯಜಮಾನರು ಗೋಂದಿನ ಡಬ್ಬಿಯ ಮೇಲೆ ಚಹಾ ಲೋಟ ಇಟ್ಟು, ಆಮೇಲೆ ಲೋಟ ಕೀಳಲು ಬಾರದೆ ನನ್ನನ್ನೇ ಬೈದರು. ಉಳಿದ ಗೀಟು ಹಾಳೆಗಳಿಂದ ನಿನಗೊಂದು ಹೊಸ ಓಟದ ಪುಸ್ತಕ ಹೊಲಿಯಲೇ? ಹಳೆಯದು ಸಾಕು ಅನ್ನಿಸುತ್ತದೆ.

ಹೊಟ್ಟೆ ತುಂಬ ತಿನ್ನು.

ನಿನ್ನ ತಂಗಿ


ಜೂನ್ 29

ಗುಮಾಸ್ತೆ,

ಟ್ರ್ಯಾಕು ಮಣ್ಣಿನದಲ್ಲ, ಒಳ್ಳೆಯ ರಬ್ಬರಿನದು. ಅಪ್ಪನಿಗೆ ಸುಳ್ಳು ಹೇಳಿ ನನ್ನ ಮಾನ ಉಳಿಸಿದ್ದಕ್ಕೆ ದೊಡ್ಡ ನಮಸ್ಕಾರ. ಆದರೆ ನನಗೂ ಅನುಮಾನ ಬಂದಿತ್ತು. ಉಗ್ರಾಣದಲ್ಲಿ ಅಳತೆ ಚಕ್ರ ಇದೆ. ಎಲ್ಲರೂ ಮಧ್ಯಾಹ್ನ ಮಲಗಿದ್ದಾಗ ಅದನ್ನು ತಂದು ಇಡೀ ಟ್ರ್ಯಾಕನ್ನು ಎರಡು ಸಲ ಅಳೆದೆ. ಒಂದು ಅಡಿಯೂ ಹೆಚ್ಚಿಲ್ಲ. ಶಿಳ್ಳೆ ಸರ್ ಜಗಲಿಯಿಂದ ನೋಡುತ್ತ ನಿಂತಿದ್ದರು. "ಏನಮ್ಮ, ನಿವೇಶನ ಕೊಳ್ತೀಯಾ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೊನ್ನೆ ಹತ್ತೊಂಬತ್ತು ಐವತ್ತೆಂಟು. ಮೂರು ವಾರ ಜೀವ ತೇಯ್ದು ಗಳಿಸಿದ್ದು ಹದಿನಾರು ಸೆಕೆಂಡು. ಮನೆಯ ಅಂಕಿಗೆ ಇನ್ನೂ ಒಂದು ನಿಮಿಷಕ್ಕಿಂತ ಹಿಂದಿದ್ದೇನೆ. ನನ್ನ ತಲೆ ಕೆಡಿಸಿರುವುದು ಇನ್ನೊಂದು ವಿಷಯ. ಸೈಕಲ್ 39:48 ಬಂದಿದೆ. ಮನೆಯಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಅವೇ ಎರಡು ಕಾಲು, ಅದೇ ಎದೆ. ಸೈಕಲ್ ಮೇಲೆ ಕೂತರೆ ಚುರುಕಾಗುತ್ತೇನೆ, ಕೆಳಗಿಳಿದು ಓಡಿದರೆ ಮುದುಕಿಯಾಗುತ್ತೇನೆ. ಇದೆಂಥ ರೋಗ? ಇಲ್ಲಿಯ ವೈದ್ಯೆಯ ಹತ್ತಿರ ಕೇಳಿದೆ. ರಕ್ತ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೆ ಇದು ಏನು?

ತೂಕ ಹೆಚ್ಚಾಗಿರಬೇಕು ಎಂದುಕೊಂಡು ಸಂಜೆಯ ಅನ್ನ ಬಿಟ್ಟಿದ್ದೇನೆ. ಮಧ್ಯಾಹ್ನ ಉಳಿದವರು ಮಲಗಿದಾಗ ಹೊರಗಿನ ಡಾಂಬರು ರಸ್ತೆಯಲ್ಲಿ ಎಂಟು ಕಿಲೋಮೀಟರ್ ಹೆಚ್ಚಿಗೆ ಓಡುತ್ತೇನೆ. ಶಿಳ್ಳೆ ಸರ್‌ಗೆ ಗೊತ್ತಿಲ್ಲ. ಇದನ್ನು ಪುಸ್ತಕಕ್ಕೆ ಏರಿಸು, ಅಪ್ಪನಿಗೆ ಓದಬೇಡ.

ಜೂನ್ 28. ಎದ್ದಾಗ ನಾಡಿ 66. ಓಟ ಬೆಳಿಗ್ಗೆ 10 ಕಿ.ಮೀ., ಮಧ್ಯಾಹ್ನ 8. ಸೈಕಲ್ 30. ನಿದ್ದೆ 5 ಗಂಟೆ. ಷರಾ: ಬಲಗಾಲಿನ ಮುಂದೆಲುಬು, ಮಂಡಿಯ ಕೆಳಗೆ, ಸ್ವಲ್ಪ ನೋವು.

ಹಳೆಯದನ್ನು ಮರೆ ಎಂದು ಬರೆದಿದ್ದೀಯ. ಹೇಗೆ ಮರೆಯಲಿ? ಅದನ್ನು ಓಡಿದವಳು ನಾನಲ್ಲವೇ?

ಅಕ್ಕ


ಜುಲೈ 7
(ಬರೆದು, ಲಕೋಟೆಗೂ ಹಾಕಿ, ಅಂಚೆಗೆ ಹಾಕದೆ ಉಳಿದದ್ದು)

ಅಕ್ಕ,

ಅದನ್ನು ಓಡಿದವಳು ನೀನಲ್ಲ. ಯಾರೂ ಓಡಿಲ್ಲ. ನಾನು ಬರೆದೆ, ಅಷ್ಟೇ.

ನನಗೆ ಹದಿನಾಲ್ಕು ವರ್ಷ. ಒಂದು ಸಂಜೆ ನಿನ್ನ ಸಮಯ ಹಿಂದಿನ ದಿನಕ್ಕಿಂತ ಹೆಚ್ಚಾಗಿತ್ತು. ಅಪ್ಪ "ಎಷ್ಟು?" ಅಂದರು, ನಾನು ಓದಿದೆ. ಅವರು ಬೈಯಲಿಲ್ಲ, ಅವರು ಬೈಯುವವರೇ ಅಲ್ಲವಲ್ಲ. ಅರ್ಧ ಊಟದಲ್ಲಿ ಕೈ ತೊಳೆದು ಅಂಗಳಕ್ಕೆ ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ ಕೂತರು. ನೀನು ತಟ್ಟೆ ಸರಿಸಿ ಬೂಟು ಹಾಕಿಕೊಂಡು ಮತ್ತೆ ಓಡಲು ಹೋದೆ. ಅಮ್ಮ ಸತ್ತ ಮೇಲೆ ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ಕೂರುವುದು ಅದೊಂದೇ ಹೊತ್ತು. ನಾನು ಮೂರು ತಟ್ಟೆಗಳ ಮುಂದೆ ಒಬ್ಬಳೇ ಕೂತಿದ್ದೆ.

ಮರುದಿನವೂ ನೀನು ನಿಧಾನವಾಗಿಯೇ ಬಂದೆ. ನಾನು ಮೂರು ಸೆಕೆಂಡು ಕಡಿಮೆ ಬರೆದೆ. ಮೂರೇ ಮೂರು. ಅಪ್ಪ ತಾವೇ ಎದ್ದು ನಿನಗೆ ಬಡಿಸಿದರು. ನೀನು ಶೆಡ್ಡಿನ ಯಾವುದೋ ಮಾತಿಗೆ ಬಾಯಲ್ಲಿದ್ದ ನೀರು ಹೊರಬರುವಷ್ಟು ನಕ್ಕೆ. ಮೂರು ಸೆಕೆಂಡಿಗೆ ಮೂರು ಜನ ಹೊಟ್ಟೆ ತುಂಬ ಊಟ ಮಾಡಿದೆವು.

ಆದರೆ ಅದರ ಮರುದಿನ ಆ ಸುಳ್ಳು ಅಂಕಿಗಿಂತ ಕಡಿಮೆ ಬರಬೇಕಾಯಿತು. ಮೂರು ಐದಾಯಿತು, ಐದು ಹತ್ತಾಯಿತು. ಏಳು ವರ್ಷದಲ್ಲಿ ಒಂದೂವರೆ ನಿಮಿಷ. ನಮ್ಮೂರ ಸ್ಪರ್ಧೆಗಳಲ್ಲಿ ಯಾರು ಮೊದಲು ಬಂದರು ಎಂದಷ್ಟೇ ನೋಡುತ್ತಿದ್ದರು, ಗಡಿಯಾರ ಯಾರ ಕೈಯಲ್ಲೂ ಇರುತ್ತಿರಲಿಲ್ಲ. ಸೈಕಲ್ಲಿಗೆ ಮೀಟರ್ ಇತ್ತು, ಅದಕ್ಕೆ ನನ್ನ ಕೈ ಹೋಗಲಿಲ್ಲ. ನಿನ್ನ ಕಾಯಿಲೆ ಅದೇ ಅಕ್ಕ, ಬೇರೇನಿಲ್ಲ. ನಿಜವಾದ ಸಮಯಗಳನ್ನು ಬೇರೆ ಕಡೆ ಬರೆದಿಡಬಹುದಿತ್ತು. ಬರೆದಿಡಲಿಲ್ಲ. ಒಂದೂ ನನಗೆ ಸರಿಯಾಗಿ ನೆನಪಿಲ್ಲ.

ನೀನು ಈ ಶಿಬಿರಕ್ಕೆ ಅರ್ಜಿ ಹಾಕಿದಾಗಲೇ ಹೇಳಬೇಕಿತ್ತು. ಪುಟಗಳನ್ನು ನಕಲು ಮಾಡಿಸಲು ಅಂಗಡಿಗೆ ನಾನೇ ಹೋಗಿದ್ದೆ. ಯಂತ್ರದ ಬೆಳಕು ಒಂದೊಂದು ಪುಟದ ಮೇಲೂ ಹಾಯುವುದನ್ನು ನೋಡುತ್ತ ನಿಂತಿದ್ದೆ. ಮನೆಗೆ ಬಂದು ನಕಲನ್ನು ನಿನ್ನ ಕೈಗೇ ಕೊಟ್ಟೆ.

ಇದನ್ನು ಓದಿದ ಮೇಲೆ ನೀನು ನನ್ನ ಮುಖ ನೋಡುವುದಿಲ್ಲ. ಗೊತ್ತು.


ಜುಲೈ 8

ಅಕ್ಕನಿಗೆ,

ಆತುರದಲ್ಲಿ ಬರೆಯುತ್ತಿದ್ದೇನೆ, ಅಂಗಡಿಗೆ ಹೊತ್ತಾಯಿತು. ಮಧ್ಯಾಹ್ನದ ಆ ಓಟ ನಿಲ್ಲಿಸು. ಕೈಮುಗಿದು ಕೇಳುತ್ತೇನೆ. ಎದ್ದಾಗ ನಾಡಿ ಐವತ್ತೆಂಟು ಇದ್ದದ್ದು ಅರವತ್ತಾರು ಆಗಿದೆ, ನಿನಗೆ ಕಾಣುವುದಿಲ್ಲವೇ? ಅನ್ನ ತಿನ್ನು. ಮುಂದೆಲುಬಿನ ನೋವನ್ನು ಸರ್‌ಗೆ ಹೇಳು. ಹೇಳಿದರೆ ಯಾರೂ ನಿನ್ನನ್ನು ಮನೆಗೆ ಕಳಿಸುವುದಿಲ್ಲ.

ಪುಸ್ತಕದಲ್ಲಿರುವುದೆಲ್ಲ ವೇದವಾಕ್ಯವೇನಲ್ಲ. ಸ್ಟಾಪ್‌ವಾಚ್ ಹಳೆಯದು, ಗುಂಡಿ ಒತ್ತುವುದು ಹೆಚ್ಚುಕಡಿಮೆ ಆಗಿರಬಹುದು. ನಾನೂ ಮನುಷ್ಯಳೇ. ಉಳಿದದ್ದು ನೀನು ಬಂದಾಗ ಮಾತಾಡೋಣ.

ಅಪ್ಪ ಚೆನ್ನಾಗಿದ್ದಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ಮೂವತ್ತೊಂದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದ್ದಾರೆ.

ತಂಗಿ


ಜುಲೈ 23

ಗುಮಾಸ್ತೆ,

ನಿನ್ನ ಪತ್ರ ಓದಿ ನಗು ಬಂತು, ಬಹಳ ದಿನದ ಮೇಲೆ ಬಂದ ನಗು. ಗುಂಡಿ ಒತ್ತುವುದು ಹೆಚ್ಚುಕಡಿಮೆಯಾದರೆ ಒಂದು ಸೆಕೆಂಡು ಆಗಬಹುದು, ಎರಡಾಗಬಹುದು. ಒಂದು ನಿಮಿಷ ಆಗುತ್ತದೆಯೇ? ನನ್ನನ್ನು ಸಮಾಧಾನ ಮಾಡಲು ನಿನ್ನ ಮೇಲೆ ನೀನೇ ತಪ್ಪು ಹಾಕಿಕೊಳ್ಳಬೇಡ. ತಪ್ಪು ನನ್ನ ಕಾಲಿನದು.

ನಿನ್ನೆ ಓಡಿಸಿದರು. ಹತ್ತೊಂಬತ್ತು ನಲವತ್ತೊಂದು.

ಗೆರೆ ದಾಟಿದಾಗ ಶಿಳ್ಳೆ ಸರ್ ಕೈ ತಟ್ಟಿದರು. ಜಿರಾಫೆ ಆಚೆಯಿಂದ ಓಡಿಬಂದು ತಬ್ಬಿ ಎತ್ತಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಹದಿನೆಂಟು ನಲವತ್ತು ಓಡಿದವಳ ಕಾಗದ ಅವರ ಮೇಜಿನ ಮೇಲೇ ಇದೆ, ಒಂದು ನಿಮಿಷ ತಡವಾಗಿ ಬಂದವಳಿಗೆ ಚಪ್ಪಾಳೆ ಯಾಕೆ? ಮಗುವಿಗೆ ತಟ್ಟುವಂಥ ಚಪ್ಪಾಳೆ ಅದು. ಅವಳ ಕೈ ಕೊಡವಿ ಸೈಕಲ್ ಶೆಡ್ಡಿನ ಹಿಂದೆ ಹೋಗಿ ಕೂತೆ. ಅತ್ತೆ. ಬೆರಳ ಗೆಣ್ಣು ಸುಲಿಯುವವರೆಗೆ ಗೋಡೆಗೆ ಗುದ್ದಿದೆ. ಕತ್ತಲಾಗುವ ಮೊದಲು ಜಿರಾಫೆ ತಟ್ಟೆಯಲ್ಲಿ ಊಟ ತಂದು ಪಕ್ಕದಲ್ಲಿಟ್ಟು ಹೋದಳು. ಮುಟ್ಟಲಿಲ್ಲ.

ಇನ್ನು ಉಳಿದದ್ದು ಐದೂವರೆ ವಾರ. ಕಾಲಿಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಮೇಲೆ ಉದ್ದ ಕಾಲುಚೀಲ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಮೊದಲ ಒಂದು ಕಿಲೋಮೀಟರ್ ಮುಳ್ಳಿನ ಮೇಲೆ ಓಡಿದ ಹಾಗಿರುತ್ತದೆ, ಆಮೇಲೆ ಮರಗಟ್ಟುತ್ತದೆ. ಮಧ್ಯಾಹ್ನದ್ದನ್ನು ಹನ್ನೆರಡು ಕಿಲೋಮೀಟರಿಗೆ ಏರಿಸಿದ್ದೇನೆ. ನನ್ನೊಳಗೆ ಆ ಓಟ ಎಲ್ಲೋ ಇದೆ. ಇಲ್ಲದೆ ಎಲ್ಲಿಗೆ ಹೋಗುತ್ತದೆ? ಹುಡುಕಿ ಹೊರಗೆ ಎಳೆಯಲೇಬೇಕು.

ಒಂದು ಉಪಕಾರ ಮಾಡು. ಮೂಲ ಪುಸ್ತಕವನ್ನೇ ಕಳಿಸು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಾನು ಏನು ತಿಂದೆ, ಎಷ್ಟು ಮಲಗಿದೆ, ನೀನು ಷರಾದಲ್ಲಿ ಏನು ಬರೆದೆ ಎಂದು ಒಂದೊಂದು ದಿನವೂ ನೋಡಬೇಕು. ಆಗ ಮಾಡಿದ್ದನ್ನೇ ಮಾಡಿದರೆ ಅದು ತಿರುಗಿ ಬರುತ್ತದೆ. ತಡಮಾಡಬೇಡ. ಈಗ ನನಗೆ ನಂಬಲು ಉಳಿದಿರುವುದು ಆ ಪುಸ್ತಕ ಒಂದೇ.

ಅಕ್ಕ


ಆಗಸ್ಟ್ 1

ಅಕ್ಕ,

ಪುಸ್ತಕವನ್ನು ಕಾಗದದಲ್ಲಿ ಸುತ್ತಿದೆ, ಬಿಚ್ಚಿದೆ. ಐದು ದಿನ ಇದೇ ಕೆಲಸ. ಕಳಿಸುವುದಿಲ್ಲ.

ಅದರಲ್ಲಿರುವ ಓಟದ ಸಮಯ ಯಾವುದೂ ನಿಜವಲ್ಲ. ಏಳು ವರ್ಷದಿಂದ ನಾನು ಕಡಿಮೆ ಮಾಡಿ ಬರೆದಿದ್ದೇನೆ. ಅಪ್ಪ ಊಟ ಬಿಟ್ಟು ಏಳಬಾರದೆಂದು ಶುರು ಮಾಡಿದೆ, ಆಮೇಲೆ ನಿಲ್ಲಿಸಲು ಆಗಲಿಲ್ಲ. ನೀನು ಹದಿನೆಂಟು ನಲವತ್ತು ಯಾವತ್ತೂ ಓಡಿಲ್ಲ. ಮೇ ತಿಂಗಳಲ್ಲಿ ನೀನು ಓಡಿದ್ದು ಇಪ್ಪತ್ತು ನಿಮಿಷದ ಮೇಲೆ, ಅದಕ್ಕೂ ಮೊದಲು ಒಮ್ಮೆಯೂ ಇಪ್ಪತ್ತರೊಳಗೆ ಬಂದಿಲ್ಲ, ಅಷ್ಟು ಮಾತ್ರ ನನಗೆ ಗೊತ್ತು. ನಿನ್ನ ಕಾಲಿನ ತಪ್ಪಲ್ಲ. ನಿನ್ನ ಕಾಲು ಒಂದು ದಿನವೂ ತಪ್ಪು ಮಾಡಿಲ್ಲ.

ಒಂದು ತಿಂಗಳ ಹಿಂದೆ ಇದನ್ನು ಉದ್ದಕ್ಕೆ ಬರೆದು ಡ್ರಾಯರಿನಲ್ಲಿ ಇಟ್ಟುಕೊಂಡೆ. ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ಬೈಯುವುದನ್ನು ಆಮೇಲೆ ಬೈ. ಮೊದಲು ಓಡುವುದನ್ನು ನಿಲ್ಲಿಸು, ಇವತ್ತೇ, ಈ ಪತ್ರ ಕೈಯಲ್ಲಿರುವಾಗಲೇ.

ತಂಗಿ


ಆಗಸ್ಟ್ 2

ಮಾನ್ಯರೇ,

ನಾನು ನಿಮ್ಮ ಹಿರಿಯ ಮಗಳ ತರಬೇತುದಾರ. ಕಚೇರಿಯಿಂದ ಇವತ್ತು ಬೆಳಿಗ್ಗೆ ಫೋನಿನಲ್ಲಿ ವಿಷಯ ತಿಳಿಸಿದ್ದಾರೆ, ಆದರೂ ನಾನೇ ಬರೆಯಬೇಕು ಅನ್ನಿಸಿತು. ಜುಲೈ ಮೂವತ್ತೊಂದರ ಮಧ್ಯಾಹ್ನ ವಿಶ್ರಾಂತಿಯ ಹೊತ್ತಿನಲ್ಲಿ ಆಕೆ ಹೊರಗಿನ ರಸ್ತೆಯಲ್ಲಿ ಒಬ್ಬಳೇ ಓಡುತ್ತಿದ್ದಾಗ ಬಲಗಾಲಿನ ಮುಂದೆಲುಬು ಮುರಿದಿದೆ. ಬಿದ್ದು ಮುರಿದದ್ದಲ್ಲ. ಮೊದಲೇ ಬಿರುಕು ಬಿಟ್ಟಿತ್ತು, ಅದರ ಮೇಲೆಯೇ ವಾರಗಟ್ಟಲೆ ಓಡಿದ್ದಾಳೆ. ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಸಲಾಕೆ ಹಾಕಿದ್ದಾರೆ. ನಡೆಯುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಸ್ಪರ್ಧೆಗೆ ಓಡುವುದು ಇನ್ನು ಆಗದು ಎಂದು ವೈದ್ಯರು ಹೇಳುತ್ತಾರೆ. ಎರಡು ತಿಂಗಳು ಪ್ರಯಾಣ ಕೂಡದು, ಇಲ್ಲಿಯ ಆರೈಕೆ ಕೋಣೆಯಲ್ಲೇ ಇರಲಿ.

ನೋವನ್ನು ನನ್ನಿಂದ ಬಚ್ಚಿಟ್ಟಳು. ಬಚ್ಚಿಟ್ಟರೂ ನಾನು ಕಂಡುಹಿಡಿಯಬೇಕಿತ್ತು, ಅದು ನನ್ನ ತಪ್ಪು. ನನಗೆ ಅರ್ಥವಾಗದೇ ಉಳಿದದ್ದು ಒಂದೇ. ಇಲ್ಲಿಗೆ ಬಂದಂದಿನಿಂದ ಇಷ್ಟು ಸ್ಥಿರವಾಗಿ ಮೇಲೇರಿದವರು ಬೇರೆ ಯಾರೂ ಇಲ್ಲ. ನಾನು ಹೇಳಿದಷ್ಟನ್ನೇ ಮಾಡಿಕೊಂಡು ಹೋಗಿದ್ದರೆ ಆಗಸ್ಟ್ ಕೊನೆಗೆ ಹತ್ತೊಂಬತ್ತು ಇಪ್ಪತ್ತನ್ನು ಮುಟ್ಟುತ್ತಿದ್ದಳು ಎಂದು ನಾನು ನಂಬಿದ್ದೆ. ಚೆನ್ನಾಗಿ ಓಡಿದ ದಿನವೂ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂಥ ಮುಖ ಮಾಡಿಕೊಂಡಿರುತ್ತಿದ್ದಳು. ಯಾಕೆಂದು ನಿಮಗೇನಾದರೂ ಗೊತ್ತಿದೆಯೇ?

ನಿಮ್ಮ ವಿಶ್ವಾಸಿ,
ತರಬೇತುದಾರ


ಆಗಸ್ಟ್ 16

ಅಕ್ಕ,

ನಿಜ ಬರೆದು ಕಳಿಸಿದ್ದೂ ಸೇರಿ ಇದು ನಾಲ್ಕನೆಯ ಪತ್ರ. ಮೊದಲನೆಯದು ನಿನಗೆ ಐದನೇ ತಾರೀಖು ಸಿಕ್ಕಿದೆ ಎಂದು ಕಚೇರಿಯವರು ಹೇಳಿದರು. ಭಾನುವಾರ ಫೋನು ಮಾಡಿದರೆ ನೀನು ಮಲಗಿದ್ದೀಯ ಅನ್ನುತ್ತಾರೆ. ಯಾವ ಹೊತ್ತಿಗೆ ಮಾಡಿದರೂ ಮಲಗಿರುತ್ತೀಯ.

ಅಪ್ಪನಿಗೆ ಹೇಳಿದೆ. ತರಬೇತುದಾರರ ಪತ್ರ ಓದಿ, "ಅಟ್ಟಿಸಿಕೊಂಡು ಬಂದವರು ಯಾರು?" ಎಂದು ನನ್ನನ್ನೇ ಕೇಳಿದರು. ಇನ್ನು ತಡೆಯಲಾಗಲಿಲ್ಲ. ಮೂರು ಸೆಕೆಂಡಿನಿಂದ ಹಿಡಿದು ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. "ನಾನು ಊಟಕ್ಕೆ ಕೂತಾಗ ಕೇಳ್ತಿದ್ದೆ, ಅಲ್ವಾ?" ಅಂದರು. "ಹೌದಪ್ಪ." "ನಾನು ಎದ್ದು ಹೋಗ್ತಿದ್ದೆ." "ಹೌದಪ್ಪ." "ನನಗೇನು ಸಿಟ್ಟಿರಲಿಲ್ಲ ಕಣಮ್ಮ. ಸೈಕಲ್ಲಿನಲ್ಲೇ ಏನೋ ಸರಿಯಿಲ್ಲ, ಅದನ್ನ ತುಳಿದೇ ಮಗು ಓಟಕ್ಕೆ ಮೊದಲೇ ದಣೀತಿದೆ ಅಂತ ನೋಡೋಕೆ ಹೋಗ್ತಿದ್ದೆ." ಅಷ್ಟು ಹೇಳಿದವರು ಅಂದಿನಿಂದ ಅಂಗಳದಲ್ಲೇ ನಿಂತು ಊಟ ಮಾಡುತ್ತಾರೆ. ಏನನ್ನೂ ಕೇಳುವುದಿಲ್ಲ. ನಾನು ಒಳಗೆ ತಿನ್ನುತ್ತೇನೆ. ಯಾವ ಊಟವನ್ನು ಉಳಿಸಲು ಇಷ್ಟೆಲ್ಲ ಮಾಡಿದೆನೋ ಅದೂ ಹೋಯಿತು.

ನನ್ನ ಬೆರಳುಗಳಿಗೆ ಅಂಗಡಿಯ ಕೆಲಸವೂ ಬರುತ್ತಿಲ್ಲ. ಹೊಲಿದ ಪುಸ್ತಕ ಸೊಟ್ಟಗಾಗುತ್ತದೆ. ಯಾರಾದರೂ ಗಂಟೆ ಎಷ್ಟು ಎಂದರೆ ಗಡಿಯಾರ ನೋಡಿ ಹೇಳಲು ಹೆದರಿಕೆಯಾಗುತ್ತದೆ. ನೀನು ಬೈದರೆ ಬದುಕುತ್ತೇನೆ. ಒಂದು ಕೆಟ್ಟ ಮಾತಾದರೂ ಬರೆದು ಕಳಿಸು. ನನ್ನ ಮುಖ ನೋಡುವುದಿಲ್ಲ ಎಂದಾದರೂ ಬರೆ. ಇಷ್ಟು ಸುಮ್ಮನಿರಬೇಡ ಅಕ್ಕ.

ನಿನ್ನ ತಂಗಿ


ಸೆಪ್ಟೆಂಬರ್ 5

ತಂಗಿಗೆ,

ಪುಸ್ತಕದ ನಿಜ ಬರೆದಿದ್ದ ಆ ಮೊದಲ ಲಕೋಟೆ ಬಿಟ್ಟರೆ ಉಳಿದವನ್ನು ಒಡೆದಿರಲಿಲ್ಲ. ಇವತ್ತು ಒಡೆದೆ.

ಆಯ್ಕೆ ಮುಗಿಯಿತು. ಜಿರಾಫೆ ತಂಡಕ್ಕೆ ಹೋದಳು, ಹತ್ತೊಂಬತ್ತು ಹನ್ನೆರಡು. ಆರೈಕೆ ಕೋಣೆಯ ಕಿಟಕಿಯಿಂದ ಟ್ರ್ಯಾಕಿನ ಒಂದು ತಿರುವು ಮಾತ್ರ ಕಾಣುತ್ತದೆ. ಅಲ್ಲಿಂದ ನೋಡಿದೆ. ಓಟ ಮುಗಿಸಿ ಸೀದಾ ನನ್ನ ಹತ್ತಿರ ಬಂದು ಮಂಚದ ತುದಿಯಲ್ಲಿ ಕೂತಳು.

ಅಪ್ಪನಿಗೆ ಒಳಗೆ ಕೂತು ಊಟ ಮಾಡಲು ಹೇಳು. ನಾನು ಹೇಳಿದೆನೆಂದು ಹೇಳು. ಸೈಕಲ್ಲಿನಲ್ಲಿ ಯಾವತ್ತೂ ಏನೂ ತಪ್ಪಿರಲಿಲ್ಲ ಎಂದೂ ಹೇಳು.

ಬೈ ಎಂದು ಕೇಳಿದ್ದೀಯ. ತಿಂಗಳು ಪೂರ್ತಿ ಬೈಗುಳ ಹುಡುಕಿದೆ. ಹದಿನಾಲ್ಕು ವರ್ಷದವಳನ್ನು ಬೈಯಲು ಬಾಯಿ ಬರುವುದಿಲ್ಲ, ಆ ಮೂರು ತಟ್ಟೆ ನನಗೂ ಗೊತ್ತು. ಅವತ್ತು ಬೂಟು ಹಾಕಿಕೊಂಡು ಹೋದವಳು ನಾನೇ. ನಿನ್ನನ್ನು ಒಂಟಿಯಾಗಿ ಕೂರಿಸಿ ಹೋಗಿದ್ದೇನೆ ಎಂದು ಏಳು ವರ್ಷದಲ್ಲಿ ಒಮ್ಮೆಯೂ ಹೊಳೆಯಲಿಲ್ಲ. ಆದರೆ ಜುಲೈ ಏಳಕ್ಕೆ ಲಕೋಟೆಗೆ ಹಾಕಿದ ಪತ್ರವನ್ನು ಡ್ರಾಯರಿಗೆ ತುರುಕಿದವಳಿಗೆ ಹದಿನಾಲ್ಕಲ್ಲ, ಇಪ್ಪತ್ತೊಂದು. ಆಗ ನನ್ನ ಎಲುಬು ಇನ್ನೂ ಮುರಿದಿರಲಿಲ್ಲ. ಅದನ್ನು ನೆನೆದರೆ ಹಲ್ಲು ಕಚ್ಚಿಕೊಳ್ಳುತ್ತೇನೆ. ಆಮೇಲೆ ಅದೂ ಸಡಿಲವಾಗುತ್ತದೆ. ಮಲಗಿದವರಿಗೆ ಸಿಟ್ಟನ್ನು ಬಹಳ ಹೊತ್ತು ಹಿಡಿದಿಡಲು ಆಗುವುದಿಲ್ಲ.

ಬೇರೆ ಕೆಲಸವಿಲ್ಲವಲ್ಲ, ನನ್ನದು ಎನ್ನುವುದು ಏನು ಉಳಿದಿದೆ ಎಂದು ನೋಡಿದೆ. ಏಳು ವರ್ಷದ ಓಟದ ಅಂಕಿ ಒಂದೂ ನನ್ನದಲ್ಲ. ಇಲ್ಲಿಯ ಓಟಗಳನ್ನು ಶಿಳ್ಳೆ ಸರ್ ಹತ್ತಿರ ಕೇಳಿ ಬರೆಸಿಕೊಂಡು ಹೊದಿಕೆಯ ಮೇಲೆ ಹರಡಿಕೊಂಡೆ. ಇಪ್ಪತ್ತು ಹದಿನಾಲ್ಕು. ಇಪ್ಪತ್ತು ಐದು. ಹತ್ತೊಂಬತ್ತು ಐವತ್ತೆಂಟು. ಹತ್ತೊಂಬತ್ತು ಐವತ್ತು. ಹತ್ತೊಂಬತ್ತು ನಲವತ್ತೊಂದು. ಅದಾದ ಮೇಲಿನದು ಒಂದೇ, ಇಪ್ಪತ್ತು ಇಪ್ಪತ್ತೆರಡು, ಕಾಲಿಗೆ ಬಟ್ಟೆ ಕಟ್ಟಿಕೊಂಡು ಓಡಿದ್ದು. ನಿನ್ನ ಪುಸ್ತಕ ಪಕ್ಕದಲ್ಲಿ ಇಲ್ಲದಿದ್ದರೆ ಇವನ್ನು ಯಾರು ನೋಡಿದರೂ ಹುಡುಗಿ ಚೆನ್ನಾಗಿ ಓಡುತ್ತಿದ್ದಾಳೆ ಅನ್ನುತ್ತಾರೆ.

ಜುಲೈ ಇಪ್ಪತ್ತೆರಡರಂದು ನಾನು ನನ್ನ ಬದುಕಿನಲ್ಲೇ ಎಲ್ಲಕ್ಕಿಂತ ಬೇಗ ಓಡಿದೆ. ಅದಕ್ಕಿಂತ ಬೇಗ ಹಿಂದೆ ಎಂದೂ ಓಡಿರಲಿಲ್ಲ, ಇನ್ನು ಮುಂದೆ ಓಡುವುದೂ ಇಲ್ಲ. ಹಾಗೆ ಓಡಬೇಕೆಂದೇ ಹನ್ನೆರಡು ವರ್ಷದವಳಿದ್ದಾಗಿನಿಂದ ದಿನಾ ಬೆಳಿಗ್ಗೆ ಎದ್ದಿದ್ದೇನೆ. ಆ ದಿನ ಬಂತು. ಗೆರೆಯ ಹತ್ತಿರ ನಿಂತವರಿಗೆಲ್ಲ ಅದು ಗೊತ್ತಾಯಿತು, ನನಗೊಬ್ಬಳಿಗೆ ಗೊತ್ತಾಗಲಿಲ್ಲ. ನಾನು ಶೆಡ್ಡಿನ ಹಿಂದೆ ಕೂತು, ಸೋತೆ ಸೋತೆ ಎಂದು ಗೋಡೆಗೆ ಗುದ್ದುತ್ತ ಆ ಸಂಜೆಯನ್ನು ಕಳೆದೆ.

ಸೆಕೆಂಡುಗಳನ್ನು ಕ್ಷಮಿಸಿದ್ದೇನೆ. ಕಾಲನ್ನೂ ಒಂದಲ್ಲ ಒಂದು ದಿನ ಕ್ಷಮಿಸುತ್ತೇನೆ. ಆ ಒಂದು ಸಂಜೆಯನ್ನು ಹೇಗೆ ಕ್ಷಮಿಸುವುದೋ ನನಗೆ ತಿಳಿಯುತ್ತಿಲ್ಲ. ನಿನಗೆ ತಿಳಿದಿದ್ದರೆ ಬರೆ.

ಅಕ್ಕ